ಮರಳಿನ ತವರೂರು

ನದೀಮೂಲವನ್ನೂ ಋಷಿಮೂಲವನ್ನೂ ವಿಚಾರಿಸಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ದೊಡ್ಡವರ ಹುಟ್ಟನ್ನು ಕೆದಕಿ ಅದರಿಂದ ಅವರ ಹಿರಿಮೆಯನ್ನು ಅಳೆಯಹೊರಡುವುದು ಉಚಿತವಲ್ಲವೆಂಬುದು ಆ ಮಾತಿನ ತಾತ್ಪರ್ಯವಿರಬೇಕು. ಲೋಕವ್ಯವಹಾರದಲ್ಲಿ ಇದು ಒಳ್ಳೆಯ ನಡವಳಿಕೆಯೇ ಸರಿ. ಆದರೆ ಭೂವಿಜ್ಞಾನಿಗಳಿಗೆ ಈ ಉಪದೇಶ ಒಗ್ಗುವುದಿಲ್ಲ. ನದೀಮೂಲವನ್ನು ವಿಚಾರಿಸುವುದು ಅವರ ಉದ್ಯೋಗದ ಒಂದು ಭಾಗ. ಅದೂ ಇಂದು ಹರಿಯುವ ನದಿಯದಲ್ಲ, ನೂರು ಕೋಟಿ ವರ್ಷಗಳ ಹಿಂದೆ ಹರಿದು, ಬತ್ತಿ, ಹೆಸರಿಲ್ಲದೆ ಹೋದ ನದಿಯದು. ಅಂಥ ನದಿಯ ನೀರು ಉಳಿದಿಲ್ಲ, ದಡ ಉಳಿದಿಲ್ಲ, ಅದು ಹುಟ್ಟಿದ ಬೆಟ್ಟವೂ ಸವೆದು ನೆಲಸಮವಾಗಿದೆ. ಉಳಿದಿರುವುದು ಅದು ಹೊತ್ತು ತಂದು ಸುರಿದ ಮರಳು ಮಾತ್ರ. ಆ ಮರಳೂ ಗಟ್ಟಿಯಾಗಿ ಕಲ್ಲಾಗಿದೆ. ಆ ಕಲ್ಲನ್ನು ಪುಡಿಮಾಡಿ, ಅದರೊಳಗಿನ ಒಂದು ಕಣವನ್ನು ಹಿಡಿದು, "ನಿನ್ನ ತವರು ಯಾವುದು? ನೀನು ಹುಟ್ಟಿ ಎಷ್ಟು ಕಾಲವಾಯಿತು?" ಎಂದು ಕೇಳಿ ಉತ್ತರ ಪಡೆಯುವ ವಿದ್ಯೆಯೊಂದು ಈಗ ಬೆಳೆದು ನಿಂತಿದೆ. ಆ ವಿದ್ಯೆಯ ಬಗೆಯನ್ನೂ, ಉತ್ತರ ಅಮೆರಿಕದ ಒಂದು ಪುರಾತನ ಬಿರುಕು ಕಣಿವೆಯಲ್ಲಿ ಅದು ಬಿಡಿಸಿದ ಒಗಟನ್ನೂ ಇಲ್ಲಿ ನಿವೇದಿಸಬೇಕೆಂದಿದ್ದೇನೆ.

ಮರಳೆಂದರೆ ಬಹುಮಟ್ಟಿಗೆ ಬೆಣಚುಕಲ್ಲಿನ ಕಣಗಳು. ಬೆಣಚಿನ ಕಣಕ್ಕೆ ತನ್ನ ಹುಟ್ಟಿನ ಕಾಲವನ್ನು ಹೇಳಿಕೊಳ್ಳುವ ಶಕ್ತಿಯಿಲ್ಲ. ಆದರೆ ಮರಳಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಜಿರ್ಕಾನ್ ಎಂಬ ಖನಿಜದ ಹರಳುಗಳೂ ಬೆರೆತಿರುತ್ತವೆ. ಜಿರ್ಕೋನಿಯಂ, ಸಿಲಿಕಾನ್ ಮತ್ತು ಆಮ್ಲಜನಕ ಕೂಡಿ ಆದ ಹರಳು ಇದು. ಸಾಮಾನ್ಯವಾಗಿ ಇದರ ಉದ್ದ ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲು, ಅಷ್ಟೆ. ಬೆಣಚಿಗಿಂತ ಇದು ಕೊಂಚ ಗಡಸು, ತೂಕದಲ್ಲಿ ಬಹಳ ಹೆಚ್ಚು. ಬಿಸಿಲು ಮಳೆಗಳಿಗಾಗಲಿ, ಹೊಳೆಯ ಸೆಳವಿಗಾಗಲಿ ಸುಲಭವಾಗಿ ಸೋಲುವುದಿಲ್ಲ. ಗ್ರಾನೈಟಿನಂಥ ಶಿಲೆ ಕರಗಿದ ಸ್ಥಿತಿಯಿಂದ ತಣಿದು ಗಟ್ಟಿಯಾಗುವಾಗ ಇದು ಹುಟ್ಟುತ್ತದೆ. ಬಂಡೆ ಸವೆದು ಮಣ್ಣಾದರೂ ಇದು ಉಳಿದುಕೊಂಡು ನೀರಿನೊಡನೆ ಹೊರಡುತ್ತದೆ. ಕೇರಳದ ಚವರದ ಕಡಲತೀರದ ಕಪ್ಪು ಮರಳಿನಲ್ಲಿ ಜಿರ್ಕಾನ್ ಹೇರಳವಾಗಿರುವುದು ಅನೇಕರಿಗೆ ತಿಳಿದ ಸಂಗತಿ.

ಈ ಹರಳಿನ ಇತಿಹಾಸದಲ್ಲಿ ಒಂದು ಸೋಜಿಗದ ಕಾಕತಾಳೀಯವಿದೆ. ಸಿಂಹಳದಿಂದ ಹೋದ ಜಿರ್ಕಾನನ್ನು ಪರೀಕ್ಷಿಸಿ ಅದರಲ್ಲಿ ಜಿರ್ಕೋನಿಯಂ ಎಂಬ ಹೊಸ ಧಾತುವಿದೆಯೆಂದು ಕಂಡುಕೊಂಡವನು ಜರ್ಮನಿಯ ರಸಾಯನಶಾಸ್ತ್ರಜ್ಞ ಮಾರ್ಟಿನ್ ಹೈನ್ರಿಕ್ ಕ್ಲಾಪ್ರೋಟ್, ವರ್ಷ ೧೭೮೯. ಅದೇ ವರ್ಷ ಬೇರೊಂದು ಖನಿಜದಲ್ಲಿ ಯುರೇನಿಯಂ ಧಾತುವನ್ನು ಗುರುತಿಸಿದವನೂ ಅವನೇ. ಈ ಎರಡೂ ಒಂದೇ ಹರಳಿನಲ್ಲಿ ಒಡನಾಡುತ್ತವೆಯೆಂದಾಗಲಿ, ಆ ಒಡನಾಟದಿಂದ ಭೂಮಿಯ ಪಂಚಾಂಗವನ್ನೇ ಬರೆಯಬಹುದೆಂದಾಗಲಿ ಅಂದು ಊಹಿಸುವುದು ಯಾರಿಗೂ ಸಾಧ್ಯವಿರಲಿಲ್ಲ.

ಒಡನಾಟದ ಬಗೆ ಹೀಗಿದೆ. ಹರಳು ಕಟ್ಟುವಾಗ ಜಿರ್ಕೋನಿಯಂ ಇರಬೇಕಾದ ಕೆಲವು ಸ್ಥಾನಗಳಲ್ಲಿ ಯುರೇನಿಯಂ ಪರಮಾಣುಗಳು ಸೇರಿಕೊಳ್ಳುತ್ತವೆ. ಸೀಸಕ್ಕೆ ಮಾತ್ರ ಅಲ್ಲಿ ಪ್ರವೇಶವಿಲ್ಲವೆಂದೇ ಹೇಳಬೇಕು. ಹುಟ್ಟುವಾಗ ಸೀಸವಿಲ್ಲದ ಹರಳಿನಲ್ಲಿ ಮುಂದೆ ಸೀಸ ಕಂಡುಬಂದರೆ, ಅದು ಒಳಗಿದ್ದ ಯುರೇನಿಯಂ ಕ್ಷಯಿಸಿ ಆದ ಸೀಸವೇ ಆಗಿರಬೇಕಲ್ಲವೆ? ಯುರೇನಿಯಂ ಎಷ್ಟು ಉಳಿದಿದೆ, ಸೀಸ ಎಷ್ಟು ಕೂಡಿದೆ ಎಂದು ಅಳೆದರೆ ಹರಳಿನ ವಯಸ್ಸು ದೊರೆಯುತ್ತದೆ. ೧೯೧೧ರಲ್ಲಿ ಇಪ್ಪತ್ತೊಂದರ ತರುಣನಾಗಿದ್ದ ಆರ್ಥರ್ ಹೋಮ್ಸ್ ಲಂಡನ್ನಿನಲ್ಲಿ ಖನಿಜಗಳ ಯುರೇನಿಯಂ ಮತ್ತು ಸೀಸಗಳನ್ನು ಹೋಲಿಸಿ ಶಿಲೆಗಳ ವಯಸ್ಸನ್ನು ಲೆಕ್ಕಹಾಕಿದ್ದು ಈ ತತ್ತ್ವದ ಮೇಲೆಯೇ.

ಯುರೇನಿಯಂನಲ್ಲಿ ಎರಡು ಬಗೆಗಳಿರುವುದು ಇನ್ನೊಂದು ಅನುಕೂಲ. ೨೩೮ರ ತೂಕದ ಯುರೇನಿಯಂ ಅರ್ಧದಷ್ಟು ಕ್ಷಯಿಸಲು ೪೪೬.೮ ಕೋಟಿ ವರ್ಷ ಬೇಕು. ೨೩೫ರ ತೂಕದ್ದಕ್ಕೆ ೭೦.೪ ಕೋಟಿ ವರ್ಷ ಸಾಕು. ಮೊದಲನೆಯದು ೨೦೬ರ ತೂಕದ ಸೀಸವಾಗುತ್ತದೆ, ಎರಡನೆಯದು ೨೦೭ರ ತೂಕದ್ದು. ಒಂದೇ ಹರಳಿನಲ್ಲಿ ಎರಡು ಗಡಿಯಾರಗಳು ಬೇರೆ ಬೇರೆ ವೇಗದಲ್ಲಿ ನಡೆಯುತ್ತಿವೆಯೆಂದಾಯಿತು. ನಮ್ಮ ಶಾಸನತಜ್ಞರು ಶಕವರ್ಷವನ್ನು ಓದಿ ಸುಮ್ಮನಾಗುವುದಿಲ್ಲ. ಸಂವತ್ಸರದ ಹೆಸರನ್ನೂ ತಿಥಿವಾರಗಳನ್ನೂ ಅದರೊಡನೆ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಎಲ್ಲಿಯೋ ತೊಡಕಿದೆಯೆಂದು ಅರಿಯುತ್ತಾರೆ. ಜಿರ್ಕಾನಿನ ಎರಡು ಗಡಿಯಾರಗಳನ್ನೂ ವಿಜ್ಞಾನಿಗಳು ಹೀಗೆಯೇ ತಾಳೆ ನೋಡುತ್ತಾರೆ.

ಇನ್ನು ಮರಳಿನ ಮೂಲವನ್ನು ಇದರಿಂದ ಕಂಡುಹಿಡಿಯುವುದು ಹೇಗೆ? ನಮ್ಮ ಕಾವೇರಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ರಾಮನಗರದ ಗ್ರಾನೈಟ್ ಬೆಟ್ಟಗಳ ನಡುವೆ ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಬೆಟ್ಟಗಳ ಗ್ರಾನೈಟಿಗೆ ಸುಮಾರು ೨೫೦ ಕೋಟಿ ವರ್ಷ ವಯಸ್ಸು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಜಾತಿಗೆ ಸೇರಿದ, ಹಳೆಯ ಮೈಸೂರು ಸೀಮೆಯಲ್ಲೆಲ್ಲ ಹಾಸಿಕೊಂಡಿರುವ ನೈಸ್ ಶಿಲೆಯಲ್ಲಿ ೩೦೦ ಕೋಟಿ ವರ್ಷಗಳನ್ನು ದಾಟಿದ ಭಾಗಗಳಿವೆ. ತಮಿಳುನಾಡಿನಲ್ಲಿ ಆನೆಮಲೆಯ ಕಡೆಯಿಂದ ಬಂದು ಕಾವೇರಿಯನ್ನು ಸೇರುವ ಅಮರಾವತಿಯ ಸೀಮೆಯಲ್ಲಿ ಸುಮಾರು ೫೫ ಕೋಟಿ ವರ್ಷಗಳ ಹಿಂದೆ ಭೂಗರ್ಭದ ಕಾವಿನಲ್ಲಿ ಬೆಳೆದ ಹರಳುಗಳಿವೆ. ಹೀಗಿರುವಾಗ, ನದಿ ಕಡಲನ್ನು ಸೇರುವೆಡೆಯ ಮರಳಿನಲ್ಲಿ ಈ ಮೂರು ವಯಸ್ಸಿನ ಕಣಗಳನ್ನೂ ನಿರೀಕ್ಷಿಸಬಹುದು. ನದಿಯ ಹರಿವನ್ನೇ ಕಾಣದ ಒಬ್ಬ ಪರದೇಶಿಯ ಕೈಗೆ ಒಂದು ಹಿಡಿ ಮರಳನ್ನು ಕೊಟ್ಟರೂ, ಅವನಿಗೆ ದಕ್ಷಿಣ ಭಾರತದ ಶಿಲೆಗಳ ಪರಿಚಯವಿದ್ದರೆ, ಈ ನೀರು ಎಲ್ಲೆಲ್ಲಿಂದ ಬಂದಿರಬೇಕೆಂದು ತಕ್ಕಮಟ್ಟಿಗೆ ಹೇಳಬಲ್ಲನು.

ಇದೇ ನಿದರ್ಶನದಲ್ಲಿ ಈ ವಿದ್ಯೆಯ ಮಿತಿಯೂ ಇದೆ. ಒಂದು ಮರಳುಗಲ್ಲು ತನ್ನೊಳಗಿನ ಅತ್ಯಂತ ಕಿರಿಯ ಕಣಕ್ಕಿಂತ ಹಳೆಯದಾಗಿರಲಾರದು. ಕಣ ಹುಟ್ಟಿದ ಮೇಲಲ್ಲವೆ ಅದು ಹರಿದು ಬಂದು ತಂಗುವುದು? ಆದರೆ ಎಷ್ಟು ಕಾಲದ ಮೇಲೆ ತಂಗಿತೆಂಬುದನ್ನು ಕಣ ಹೇಳುವುದಿಲ್ಲ. ಕಾವೇರಿ ಈ ವರ್ಷದ ಪ್ರವಾಹದಲ್ಲಿ ತಂದು ಸುರಿದ ಮರಳಿನಲ್ಲಿ ಅತ್ಯಂತ ಕಿರಿಯ ಕಣ ೫೫ ಕೋಟಿ ವರ್ಷದ್ದಾಗಿದ್ದರೆ, ಆ ಕಣವನ್ನಷ್ಟೆ ನಂಬಿದವನು "ಇದು ೫೫ ಕೋಟಿ ವರ್ಷಗಳಿಂದ ಈಚಿನ ಮರಳು" ಎಂದು ಹೇಳಬಹುದು, ಅದಕ್ಕಿಂತ ಹೆಚ್ಚಿನದನ್ನು ಹೇಳಲಾರ. ಈ ಮಿತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ತಿಳಿಯುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನಕ್ಕೂ ಕೆನಡಕ್ಕೂ ನಡುವೆ ಸುಪೀರಿಯರ್ ಎಂಬ ಮಹಾಸರೋವರವಿದೆ. ಅದರ ವಿಸ್ತೀರ್ಣ ಸುಮಾರು ೮೨,೦೦೦ ಚದರ ಕಿಲೋಮೀಟರ್. ಕರ್ನಾಟಕವನ್ನು ಐದು ಪಾಲು ಮಾಡಿದರೆ ಎರಡು ಪಾಲಿಗಿಂತಲೂ ಮಿಗಿಲು. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಅದನ್ನು ಕಡಲೆಂದೇ ಕರೆದಿದ್ದಾರೆ. ಸುಮಾರು ೧೧೦ ಕೋಟಿ ವರ್ಷಗಳ ಹಿಂದೆ ಆ ಸರೋವರದ ಜಾಗದಲ್ಲಿ ಭೂಖಂಡವೇ ಸೀಳತೊಡಗಿತು. ಸೀಳಿನ ಒಂದು ತೋಳು ನೈಋತ್ಯಕ್ಕೆ ಕ್ಯಾನ್ಸಸ್‌ವರೆಗೆ ಚಾಚಿತು. ಇನ್ನೊಂದು ಆಗ್ನೇಯಕ್ಕೆ ಮಿಷಿಗನ್ ನೆಲದಡಿಗೆ ಹೋಯಿತು. ಒಟ್ಟು ಉದ್ದ ೨,೦೦೦ ಕಿಲೋಮೀಟರಿಗಿಂತ ಹೆಚ್ಚು. ನೆಲ ಕುಸಿದಂತೆಲ್ಲ ಒಳಗಿನಿಂದ ಲಾವಾರಸ ಉಕ್ಕಿ ಆ ತಗ್ಗನ್ನು ತುಂಬಿತು. ಸುಮಾರು ಎರಡೂವರೆ ಕೋಟಿ ವರ್ಷಗಳ ಕಾಲ ಬಿಟ್ಟು ಬಿಟ್ಟು ನಡೆದ ಈ ಉಕ್ಕು ೧೦೮ ಕೋಟಿ ವರ್ಷಗಳ ಆಸುಪಾಸಿನಲ್ಲಿ ನಿಂತಿತು. ಈ ಸೀಳು ಬಹುಪಾಲು ಕಡೆ ಇಂದು ಹೊಲಗದ್ದೆಗಳ ಕೆಳಗೆ ಹೂತುಹೋಗಿದೆ. ಆದರೆ ಲಾವಾಶಿಲೆ ಭಾರವಾದುದರಿಂದ ಅದರ ಮೇಲೆ ಭೂಮಿಯ ಸೆಳೆತ ಕಿಂಚಿತ್ ಹೆಚ್ಚು. ಆ ಹೆಚ್ಚಳವನ್ನು ಅಳೆದೇ ಸೀಳಿನ ಜಾಡನ್ನು ಹಿಡಿದಿದ್ದಾರೆ.

ಸೀಳು ಮುಂದುವರಿದಿದ್ದರೆ ಉತ್ತರ ಅಮೆರಿಕ ಎರಡು ತುಂಡಾಗಿ ನಡುವೆ ಸಮುದ್ರ ಹುಟ್ಟುತ್ತಿತ್ತು. ಕೆಂಪು ಸಮುದ್ರ ಹುಟ್ಟಿದ್ದು ಅಂಥ ಸೀಳಿನಿಂದಲೇ. ಇಲ್ಲಿ ಹಾಗಾಗಲಿಲ್ಲ. ಸೀಳು ನಿಂತಿತು, ನಿಂತದ್ದಷ್ಟೇ ಅಲ್ಲ, ಅಗಲವಾಗಿ ತೆರೆದ ನೆಲವನ್ನು ಯಾವುದೋ ಶಕ್ತಿ ಹಿಂದಕ್ಕೆ ಒತ್ತಿತು. ಮೊದಲು ಕೆಳಕ್ಕೆ ಕುಸಿದಿದ್ದ ಲಾವಾಶಿಲೆ ಆ ಒತ್ತಡದಿಂದ ಮೇಲಕ್ಕೆದ್ದು, ತನಗಿಂತ ಕಿರಿಯ ಮರಳುಗಲ್ಲಿನ ಮೇಲೆ ಏರಿ ಕುಳಿತಿತು. ಮಿಷಿಗನ್ನಿನ ಕೀವಿನಾ ಪರ್ಯಾಯದ್ವೀಪದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಸುಮಾರು ೧೦೯ ಕೋಟಿ ವರ್ಷದ ಲಾವಾಶಿಲೆ ಮೇಲೆ, ಜೇಕಬ್ಸ್‌ವಿಲ್ ಎಂಬ ಕೆಂಪು ಮರಳುಗಲ್ಲು ಕೆಳಗೆ, ಅವೆರಡರ ನಡುವೆ ಕೀವಿನಾ ಸ್ತರಭಂಗ. ಆ ಸಂಧಿಯ ಬಳಿ ಮರಳುಗಲ್ಲಿನ ಪದರಗಳು ಮಡಿಸಿದ ಕಂಬಳಿಯಂತೆ ಬಾಗಿವೆ. ಈ ಸಂಧಿಯನ್ನೇ ವಿಷಯವಾಗಿಟ್ಟುಕೊಂಡು ಅಮೆರಿಕದ ಭೂಸರ್ವೇಕ್ಷಣ ಇಲಾಖೆಗಾಗಿ ಇರ್ವಿಂಗ್ ಮತ್ತು ಚೇಂಬರ್ಲಿನ್ ಎಂಬ ವಿದ್ವಾಂಸರು ೧೮೮೫ರಷ್ಟು ಹಿಂದೆಯೇ ಪ್ರಬಂಧ ಬರೆದಿದ್ದರು.

ಹಾಗಾದರೆ ಒತ್ತಿದ ಆ ಶಕ್ತಿ ಯಾವುದು? ಸೀಳಿನ ಪೂರ್ವಕ್ಕೆ, ಐನೂರು ಕಿಲೋಮೀಟರಿಗಿಂತಲೂ ದೂರದಲ್ಲಿ, ಸುಮಾರು ೧೦೯ರಿಂದ ೯೮ ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ ಗ್ರೆನ್‌ವಿಲ್ ಎಂಬ ಮಹಾಪರ್ವತಶ್ರೇಣಿ ಎದ್ದಿತು. ಭೂಖಂಡಗಳ ಡಿಕ್ಕಿಯಿಂದ ಎದ್ದ ಈ ಶ್ರೇಣಿ ಹಿಮಾಲಯದ ಬಗೆಯದು. ಇಂದು ಅದರ ಬುಡ ಮಾತ್ರ ಕೆನಡದ ಪೂರ್ವಭಾಗದಲ್ಲಿ ಉಳಿದಿದೆ. ಆ ಡಿಕ್ಕಿಯ ಒತ್ತಡವೇ ಇಷ್ಟು ದೂರ ಬಂದು ಸೀಳನ್ನು ಮುಚ್ಚಿತೆ, ಅಥವಾ ಬೇರೆ ಕಾರಣವಿತ್ತೆ? ಉತ್ತರ ಜೇಕಬ್ಸ್‌ವಿಲ್ ಮರಳುಗಲ್ಲಿನ ವಯಸ್ಸನ್ನು ಅವಲಂಬಿಸಿತ್ತು. ಮರಳುಗಲ್ಲು ಬಾಗಿದೆಯೆಂದಮೇಲೆ, ಕೊನೆಯ ಒತ್ತು ಬಿದ್ದದ್ದು ಅದು ತಂಗಿದ ನಂತರ. ಅದು ಪರ್ವತ ಏಳುವ ಕಾಲದಲ್ಲಿ ತಂಗಿದ್ದರೆ ಡಿಕ್ಕಿಯನ್ನು ಕಾರಣವೆನ್ನಬಹುದು. ಡಿಕ್ಕಿ ಮುಗಿದ ಬಹುಕಾಲದ ಮೇಲೆ ತಂಗಿದ್ದರೆ ಹಾಗೆನ್ನಲು ಬರುವುದಿಲ್ಲ.

ವಯಸ್ಸನ್ನು ಕಂಡುಕೊಳ್ಳುವುದು ಮಾತ್ರ ಸುಲಭವಾಗಿರಲಿಲ್ಲ. ಆ ಕಲ್ಲಿನಲ್ಲಿ ಪ್ರಾಣಿಗಳ ಪಳೆಯುಳಿಕೆಗಳಿಲ್ಲ, ಕಾಲ ಹೇಳಬಲ್ಲ ಬೂದಿಯ ಪದರ ದೊರೆತಿರಲಿಲ್ಲ. ಲಾವಾಶಿಲೆಗಿಂತ ಈಚಿನದು, ತನ್ನ ಮೇಲೆ ಹಾಸಿರುವ ಕೇಂಬ್ರಿಯನ್ ಯುಗದ ಸುಮಾರು ೫೦ ಕೋಟಿ ವರ್ಷದ ಮರಳುಗಲ್ಲಿಗಿಂತ ಆಚಿನದು ಎಂಬುದಷ್ಟೇ ನಿಶ್ಚಯವಾಗಿತ್ತು. ಈ ಎರಡು ಎಲ್ಲೆಗಳ ನಡುವೆ ಸುಮಾರು ಅರವತ್ತು ಕೋಟಿ ವರ್ಷಗಳ ಅಂತರ! ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಕೆಂಪು ಕಲ್ಲನ್ನು ಗಣಿಗಳಿಂದ ತೆಗೆದು ದೊಡ್ಡ ದೊಡ್ಡ ಕಟ್ಟಡಗಳಿಗೆ ಸಾಗಿಸುತ್ತಿದ್ದರು. ಅದರ ಬೆಲೆಯನ್ನು ಬಲ್ಲವರು ಬಹುಮಂದಿ ಇದ್ದರು. ವಯಸ್ಸನ್ನು ಬಲ್ಲವರು ಇರಲಿಲ್ಲ.

ಜಿರ್ಕಾನ್ ಇಲ್ಲಿ ಸಾಕ್ಷಿ ಹೇಳಲು ಬಂದಿತು. ಕಲ್ಲನ್ನು ಪುಡಿಮಾಡಿ, ನೀರಿನಲ್ಲಿ ಜಾಲಿಸಿ, ಭಾರದ ದ್ರವದಲ್ಲಿ ಮುಳುಗಿದುದನ್ನು ಆರಿಸಿ, ಅಯಸ್ಕಾಂತದಿಂದ ಕಬ್ಬಿಣದ ಅಂಶದ ಕಣಗಳನ್ನು ಬೇರೆಮಾಡಿ, ಉಳಿದ ಜಿರ್ಕಾನ್ ಹರಳುಗಳನ್ನು ಅಂಟಿನ ಬಿಲ್ಲೆಯಲ್ಲಿ ಕೂರಿಸುತ್ತಾರೆ. ಪ್ರತಿಯೊಂದು ಹರಳಿಗೂ ಲೇಸರ್ ಕಿರಣವನ್ನು ತಾಗಿಸಿ ಒಂದು ಚಿಕ್ಕ ಕುಳಿ ತೋಡಿ, ಎದ್ದ ಧೂಳನ್ನು ಪರಮಾಣುಗಳ ತೂಕವನ್ನು ವಿಂಗಡಿಸುವ ಯಂತ್ರಕ್ಕೆ ಹಾಯಿಸುತ್ತಾರೆ. ಒಂದು ದಿನದಲ್ಲಿ ನೂರಾರು ಹರಳುಗಳ ವಯಸ್ಸನ್ನು ಹೀಗೆ ತಿಳಿಯಬಹುದು.

ಕಣಗಳ ಊರುಗಳು ಒಂದೊಂದಾಗಿ ತಿಳಿದುಬಂದವು. ಸುಮಾರು ೨೭೦ ಕೋಟಿ ವರ್ಷದವುಗಳ ತವರು ಸರೋವರದ ಸುತ್ತಲಿನ ಅತಿ ಪ್ರಾಚೀನ ನೆಲ. ೧೮೫ ಕೋಟಿಯ ಸುತ್ತಿನವು ದಕ್ಷಿಣಕ್ಕಿರುವ ವಿಸ್ಕಾನ್ಸಿನ್ ಸೀಮೆಯ ಪೆನೋಕಿಯನ್ ಶಿಲೆಗಳನ್ನು ನೆನಪಿಸುತ್ತವೆ. ೧೩೫ರಿಂದ ೧೪೮ ಕೋಟಿಯವು ಇನ್ನೂ ದಕ್ಷಿಣದ ಗ್ರಾನೈಟ್ ಪ್ರಾಂತದ ಕಾಲದವು. ಇವುಗಳ ಜೊತೆಗೆ ೧೦೦ರಿಂದ ೧೨೦ ಕೋಟಿಯ ಗ್ರೆನ್‌ವಿಲ್ ಕಣಗಳು. ಸೀಳಿನ ಲಾವಾಪದರಗಳ ಮೇಲೆ ಮೊದಮೊದಲು ತಂಗಿದ ಗುಂಡುಕಲ್ಲುಗಳ ಪದರವನ್ನು ನೋಡಿದರೆ, ಅದರಲ್ಲಿರುವುದು ಬಹುಪಾಲು ಆ ಸೀಳಿನ ಜ್ವಾಲಾಮುಖಿಗಳ ಕಲ್ಲೇ. ಅಂದರೆ ಕಣಿವೆ ಮೊದಲು ತನ್ನ ಗೋಡೆಗಳ ಕಲ್ಲಿನಿಂದಲೇ ತುಂಬಿಕೊಂಡಿತು. ಕಾಲಕ್ರಮದಲ್ಲಿ ದೂರದೂರದ ಮರಳು ಅಲ್ಲಿಗೆ ಬಂದು ಸೇರಿತು.

ಆದರೆ ಅತ್ಯಂತ ಕಿರಿಯ ಕಣಗಳು ತೊಡಕನ್ನು ತಂದವು. ಲೇಸರ್ ಅಳತೆಯಲ್ಲಿ ಅವುಗಳ ವಯಸ್ಸು ಸುಮಾರು ೯೫ ಕೋಟಿ ವರ್ಷವೆಂದು ಬಂದಿತು. ಗ್ರೆನ್‌ವಿಲ್ ಡಿಕ್ಕಿ ೯೮ ಕೋಟಿ ವರ್ಷಗಳ ಹಿಂದೆಯೇ ಮುಗಿದಿತ್ತಷ್ಟೆ. ೯೫ ಕೋಟಿಯ ಕಣವಿರುವ ಮರಳುಗಲ್ಲು ಅದಕ್ಕಿಂತ ಈಚಿನದಾಗಲೇಬೇಕು. ಅದನ್ನು ಬಾಗಿಸಿದ ಒತ್ತಡವೂ ಈಚಿನದು. ಹೀಗೆ, ಪರ್ವತಕ್ಕೂ ಮರಳುಗಲ್ಲಿನ ಬಾಗುವಿಕೆಗೂ ಸಂಬಂಧವಿಲ್ಲವೆಂಬ ಅಭಿಪ್ರಾಯ ನೆಲೆಗೊಂಡಿತು.

೨೦೨೨ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಅಭಿಪ್ರಾಯವನ್ನು ಬದಲಿಸಿತು. ಅದನ್ನು ನಡೆಸಿದವರು ಮೊದಲು ಲೇಸರ್ ಅಳತೆಯನ್ನೇ ಮತ್ತೆ ಮಾಡಿದರು. ಫಲಿತಾಂಶ ಹಿಂದಿನಂತೆಯೇ ಬಂದಿತು. ಅಷ್ಟಕ್ಕೆ ತೃಪ್ತರಾಗದೆ, ಕಿರಿಯವೆಂದು ಕಂಡ ಹರಳುಗಳಲ್ಲಿ ಹತ್ತೊಂಬತ್ತನ್ನು ಬಿಲ್ಲೆಯಿಂದ ಬಿಡಿಸಿ ಬೇರೊಂದು ನಿಧಾನವಾದ ಪರೀಕ್ಷೆಗೆ ಒಡ್ಡಿದರು. ಇದರ ಹಿನ್ನೆಲೆ ಇಷ್ಟು: ಯುರೇನಿಯಂ ಕ್ಷಯಿಸುವಾಗ ಹೊಮ್ಮುವ ಶಕ್ತಿಯಿಂದ ಹರಳಿನ ಕಟ್ಟಡ ಅಲ್ಲಲ್ಲಿ ಜಖಂಗೊಳ್ಳುತ್ತದೆ. ಆ ಜಾಗಗಳಿಂದ ಸೀಸ ಸೋರಿಹೋಗಬಹುದು. ಸೀಸ ಕಡಿಮೆಯಾದರೆ ಹರಳು ತನ್ನ ನಿಜವಾದ ವಯಸ್ಸಿಗಿಂತ ಚಿಕ್ಕದಾಗಿ ತೋರುತ್ತದೆ. ಸೋರಿಕೆ ಅಲ್ಪವಾಗಿದ್ದರೆ ಎರಡು ಗಡಿಯಾರಗಳ ನಡುವಿನ ವ್ಯತ್ಯಾಸವೂ ಅಲ್ಪ. ಲೇಸರ್ ಅಳತೆಯ ಒರಟುತನದಲ್ಲಿ ಅದು ಮರೆಯಾಗುತ್ತದೆ. ಜೇಮ್ಸ್ ಮ್ಯಾಟಿನ್‌ಸನ್ ಎಂಬ ವಿಜ್ಞಾನಿ ೨೦೦೫ರಲ್ಲಿ ಇದಕ್ಕೊಂದು ಪರಿಹಾರವನ್ನು ಪ್ರಕಟಿಸಿದ್ದರು. ಹರಳನ್ನು ಮೊದಲು ಕುಲುಮೆಯಲ್ಲಿ ಬಹಳ ಹೊತ್ತು ಕಾಯಿಸುವುದು. ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಬೇಯಿಸುವುದು. ಜಖಂಗೊಂಡ ಭಾಗ ಕರಗಿಹೋಗುತ್ತದೆ, ಗಟ್ಟಿಯಾದ ತಿರುಳು ಉಳಿಯುತ್ತದೆ. ಆ ತಿರುಳನ್ನು ಪೂರ್ತಿಯಾಗಿ ಕರಗಿಸಿ ಯುರೇನಿಯಂ ಮತ್ತು ಸೀಸಗಳನ್ನು ಅತಿ ಸೂಕ್ಷ್ಮವಾಗಿ ಅಳೆಯುತ್ತಾರೆ.

ಹೀಗೆ ಅಳೆದಾಗ ಅತ್ಯಂತ ಕಿರಿಯ ಕಣದ ವಯಸ್ಸು ೯೯.೨೫೧ ಕೋಟಿ ವರ್ಷವೆಂದು ಬಂದಿತು. ಹೆಚ್ಚುಕಡಿಮೆ ಆರೂವರೆ ಲಕ್ಷ ವರ್ಷ. ಆ ಕಾಲಕ್ಕೆ ಸೀಳಿನ ಜ್ವಾಲಾಮುಖಿಗಳು ಆರಿ ಎಂಟು ಕೋಟಿ ವರ್ಷಗಳಿಗೂ ಹೆಚ್ಚಾಗಿತ್ತು. ಆದುದರಿಂದ ಕಣ ಅಲ್ಲಿಯದಲ್ಲ. ಪರ್ವತ ಇನ್ನೂ ಏಳುತ್ತಿದ್ದ ಗ್ರೆನ್‌ವಿಲ್ ಸೀಮೆಯಿಂದ ಬಂದದ್ದೆನ್ನುವುದೇ ಯುಕ್ತ.

ಕಾವೇರಿಯ ಮರಳಿನಲ್ಲಿ ನಾವು ಕಂಡ ಮಿತಿ ಇಲ್ಲಿಯೂ ಇದ್ದೇ ಇದೆ. ೯೯ ಕೋಟಿಯ ಕಣವಿದ್ದ ಮಾತ್ರಕ್ಕೆ ಕಲ್ಲು ಅದೇ ಕಾಲದ್ದೆನ್ನಲು ಬಾರದು. ಈಚಿನ ಎಲ್ಲೆಯನ್ನು ಬೇರೆ ಸಾಕ್ಷಿಯಿಂದ ಪಡೆಯಬೇಕಾಯಿತು. ಕೀವಿನಾ ಸ್ತರಭಂಗದ ನುಚ್ಚುಗಲ್ಲಿನ ನಡುವೆ, ಚಲನೆಯ ಕೊನೆಗಾಲದಲ್ಲಿ ಬಿರುಕುಗಳನ್ನು ತುಂಬಿದ ಕ್ಯಾಲ್ಸೈಟಿನ ಎಳೆಗಳಿವೆ. ಅವುಗಳಲ್ಲಿಯೂ ಯುರೇನಿಯಂ ಇರುತ್ತದೆ. ಅವುಗಳ ವಯಸ್ಸು ೯೮.೫೫ ಕೋಟಿ ವರ್ಷವೆಂದು ಬಂದಿತು, ಹೆಚ್ಚುಕಡಿಮೆ ೩.೫೮ ಕೋಟಿ. ಈ ಅಳತೆ ಒರಟಾದರೂ ಮೊದಲಿನದರೊಡನೆ ಹೊಂದುತ್ತದೆ. ಎರಡನ್ನೂ ಕೂಡಿಸಿ ನೋಡಿದಾಗ, ಮರಳು ತಂಗಿದ್ದೂ ಕೊನೆಯ ಒತ್ತು ಬಿದ್ದದ್ದೂ ಗ್ರೆನ್‌ವಿಲ್ ಡಿಕ್ಕಿಯ ಕೊನೆಯ ಘಟ್ಟದಲ್ಲಿ, ೧೦೧ರಿಂದ ೯೮ ಕೋಟಿ ವರ್ಷಗಳ ಹಿಂದೆ, ಎಂದು ಅವರು ನಿರ್ಣಯಿಸಿದರು. ಅದಕ್ಕೂ ಮೊದಲೇ ಒಂದು ಸಲ ಒತ್ತಡ ಬಿದ್ದಿತ್ತು, ಇದು ಕಡೆಯದು. ಪರ್ವತವನ್ನು ಎಬ್ಬಿಸಿದ ಬಲವೇ ಐನೂರು ಕಿಲೋಮೀಟರಿನಾಚೆಯ ನೆಲವನ್ನೂ ಮಡಿಸಿತು. ಆ ಪರ್ವತದ ಸವಕಲು ಮರಳೇ ಬಂದು ಮಡಿಕೆಯಲ್ಲಿ ಸಿಕ್ಕಿಕೊಂಡಿತು.

ಈ ವೃತ್ತಾಂತದಲ್ಲಿ ನನಗೆ ಬಹಳ ಹಿಡಿಸಿದ್ದು ೯೫ ಮತ್ತು ೯೯ರ ನಡುವಿನ ಆ ನಾಲ್ಕು. ನೂರಕ್ಕೆ ನಾಲ್ಕರ ವ್ಯತ್ಯಾಸವನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ತರುವುದಿಲ್ಲ. ಇಲ್ಲಿ ಆ ನಾಲ್ಕೇ ಕಾರಣವನ್ನು ಅಕಾರಣವೆಂದು ತೋರಿಸಿತ್ತು. ಶಾಸನದ ಒಂದು ಅಂಕೆಯನ್ನು ತಪ್ಪಾಗಿ ಓದಿದರೆ, ದಾನ ಕೊಟ್ಟ ಅರಸು ತನ್ನ ವಂಶವೇ ಅಳಿದ ಮೇಲೆ ದಾನ ಕೊಟ್ಟಂತಾಗುತ್ತದೆ. ವೇಗದ ಪರೀಕ್ಷೆ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ನೂರಾರು ಕಣಗಳನ್ನು ನೋಡದೆ ಆ ಹತ್ತೊಂಬತ್ತನ್ನು ಆರಿಸುವುದೇ ಸಾಧ್ಯವಿರಲಿಲ್ಲ. ತವರನ್ನು ತಿಳಿಯಲು ಬಹಳ ಕಣಗಳು ಬೇಕು. ಕಾಲದ ಎಲ್ಲೆಯನ್ನು ಕಟ್ಟಲು ಕೆಲವೇ ಕಣಗಳ ಮೇಲೆ ಬಹಳ ಶ್ರಮ ಬೇಕು.

ಜಿರ್ಕಾನಿನ ಸಾಕ್ಷ್ಯ ಸರ್ವಸಂಪೂರ್ಣವಲ್ಲವೆಂಬುದನ್ನೂ ಹೇಳಿಬಿಡಬೇಕು. ಬಸಾಲ್ಟಿನಂಥ ಕಪ್ಪು ಲಾವಾಶಿಲೆಯಲ್ಲಿ ಜಿರ್ಕಾನ್ ಬಹಳ ವಿರಳ. ಒಂದು ನದಿ ಇಡೀ ಬಸಾಲ್ಟ್ ಬೆಟ್ಟವನ್ನು ಕೊರೆದು ತಂದರೂ ಜಿರ್ಕಾನಿನ ಎಣಿಕೆಯಲ್ಲಿ ಅದು ಕಾಣದೆಹೋಗಬಹುದು. ಪಕ್ಕದ ಚಿಕ್ಕ ಗ್ರಾನೈಟ್ ಗುಡ್ಡ ದೊಡ್ಡದಾಗಿ ಕಾಣಬಹುದು. ಅಲ್ಲದೆ ಕಣವು ತವರಿನಿಂದ ನೇರವಾಗಿ ಬಂದಿತೋ, ನಡುವೆ ಇನ್ನೊಂದು ಮರಳುಗಲ್ಲಿನಲ್ಲಿ ಕೋಟ್ಯಂತರ ವರ್ಷ ತಂಗಿದ್ದು, ಅದು ಸವೆದ ಮೇಲೆ ಮತ್ತೆ ಹೊರಟು ಬಂದಿತೋ, ವಯಸ್ಸಿನಿಂದ ತಿಳಿಯುವುದಿಲ್ಲ. ಆದುದರಿಂದಲೇ ಬಲ್ಲವರು ಪದರಗಳ ಓರೆಯಿಂದ ನೀರು ಹರಿದ ದಿಕ್ಕನ್ನೂ, ಗುಂಡುಕಲ್ಲುಗಳ ಜಾತಿಯನ್ನೂ ಜೊತೆಗಿಟ್ಟು ನೋಡುತ್ತಾರೆ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ. ಶಕವರ್ಷ ೫೦೦, ಎಂದರೆ ಕ್ರಿಸ್ತಶಕ ೫೭೮, ಎಂದು ಅದರಲ್ಲಿ ಸ್ಪಷ್ಟವಾಗಿ ಕಾಲ ಹೇಳಿದೆ. ಆ ಗುಹೆಯನ್ನು ಕೊರೆದ ಕೆಂಪು ಕಲ್ಲೂ ಒಂದು ಕಾಲಕ್ಕೆ ನೀರು ತಂದು ಹಾಸಿದ ಮರಳೇ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಉಪಾಧ್ಯಾಯರು ಗೋಡೆಯ ಮೇಲಿನ ಬರಹವನ್ನು ಓದಿಸಿದ ಮೇಲೆ, ಆ ಗೋಡೆಯನ್ನೇ ಒಮ್ಮೆ ಹತ್ತಿರದಿಂದ ನೋಡುವಂತೆ ಹೇಳಿದರೆ ಒಳ್ಳೆಯದು. ಚಾಳುಕ್ಯರ ಉಳಿ ಅದನ್ನು ಮುಟ್ಟುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಅಲ್ಲಿನ ಕಣಗಳಲ್ಲಿ ಯುರೇನಿಯಂ ಸೀಸವಾಗುತ್ತಿತ್ತು. ನಾವು ನೋಡುತ್ತಿರುವಾಗಲೂ ಆಗುತ್ತಲೇ ಇದೆ.